ಹತ್ತನೇ ದ್ರಾಕ್ಷಿ

ತಿಕೋಟಾದಲ್ಲಿ, ಒಣದ್ರಾಕ್ಷಿ ಶೆಡ್ಡಿನ ಮೇಲೆ ನನ್ನ ಬಾಡಿಗೆ ಕೋಣೆ.
ಕೆಳಗೆ ಬೆಳಿಗ್ಗೆ ಎಂಟಕ್ಕೆ ಬೆಲ್ಟು ತಿರುಗುತ್ತದೆ.
ಹದಿನಾಲ್ಕು ಹೆಂಗಸರು, ಇಪ್ಪತ್ತೆಂಟು ಕೈ,
ತೊಟ್ಟು, ಹರಳು, ಕಪ್ಪಾದದ್ದು ಆರಿಸುತ್ತಾರೆ.
ಗಂಧಕದ ವಾಸನೆ ಮೆಟ್ಟಿಲೇರಿ ಬಂದು
ನನ್ನ ಕೀಬೋರ್ಡಿನ ಮೇಲೆ ಕೂರುತ್ತದೆ.

ನಾನೂ ಆರಿಸುವವಳೇ.
ಸಮುದ್ರದಾಚೆಯ ಒಂದು ಸುರಂಗದಲ್ಲಿ
ಎಲೆಕ್ಟ್ರಾನಿಗೆ ಪಾಸಿಟ್ರಾನು ಎದುರಾಗಿ ಡಿಕ್ಕಿ ಹೊಡೆದು
ಟೌ ಹುಟ್ಟುತ್ತದೆ, ಜೋಡಿಯಾಗಿ.
ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ
ಆ ಒಂದು ಪಾಲಿನಲ್ಲಿ ಮೂರರಲ್ಲೊಂದಂಶ, ಅಷ್ಟೇ ಆಯುಷ್ಯ.
ಹೋಗುವ ದಾರಿಗಳಿಗೆ ಪಟ್ಟಿಯಿದೆ:
ನೂರಕ್ಕೆ ಹದಿನೇಳು ಸಲ ಹೀಗೆ, ಇಪ್ಪತ್ತೈದು ಸಲ ಹಾಗೆ.
ಪಟ್ಟಿಯಲ್ಲಿಲ್ಲದ ಒಂದು ದಾರಿ
(ಒಂದು ಮ್ಯೂಆನ್, ಒಂದು ಬೆಳಕಿನ ಕಣ, ಮತ್ತೇನೂ ಇಲ್ಲ)
ಇದೆಯೇ, ಇದ್ದರೆ ಎಷ್ಟು ಸಲ,
ಎಂಬುದೇ ನನ್ನ ನಾಲ್ಕು ವರ್ಷ.

ಇಂಥ ಟೌ ಇಂಥ ದಾರಿ ಹಿಡಿಯುತ್ತದೆಂದು
ಯಾರೂ ಹೇಳಲಾರರು. ಅದಕ್ಕೂ ಗೊತ್ತಿಲ್ಲ.
ಕೋಟಿ ಕೂಡಿದಾಗ ಮಾತ್ರ
ಮಾತು ಕೊಟ್ಟವರಂತೆ ನಡೆದುಕೊಳ್ಳುತ್ತವೆ.

'ಎಷ್ಟ ಅದಾವವ್ವಾ ನಿನ್ನ ಬುಟ್ಯಾಗ?'
ಲಾಲಬಿ ಚಾಚಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ.
'ತೊಂಬತ್ತು ಕೋಟಿ.'
'ಹುಡುಕೂದು?'
'ಹತ್ತಿಪ್ಪತ್ತು. ಇದ್ದರ.'
ನಗಲಿಲ್ಲ ಆಕೆ. ಬೆಲ್ಟಿನ ಮುಂದೆ ನಿಂತವರು
ಅಂಥ ಲೆಕ್ಕಕ್ಕೆ ನಗುವುದಿಲ್ಲ.
'ಮತ್ತ, ಕಣ್ಣಿಗೆ ತಪ್ಪಿದ್ದು?'

ಇದನ್ನೇ ನನ್ನ ಗೈಡು ಎರಡನೇ ವರ್ಷ ಕೇಳಿದ್ದರು,
ನಾನು ಆರು ತಿಂಗಳು ಮಾತಾಡಿರಲಿಲ್ಲ.

ಮುಕಾದಮ ರಾಚಪ್ಪನದೊಂದು ಉಪಾಯ:
ಸೂಜಿಯಿಂದ ಚುಚ್ಚಿ ಗುರುತಿಟ್ಟ ಹತ್ತು ಕಪ್ಪು ಹಣ್ಣು
ಹೇಳದೆ ಟ್ರೇಯಲ್ಲಿ ಬೆರೆಸುತ್ತಾನೆ,
ಸಂಜೆ ಕಸದ ಡಬ್ಬಿ ಸುರುವಿ
ಎಷ್ಟು ಮರಳಿ ಬಂದವೆಂದು ಎಣಿಸುತ್ತಾನೆ.
ನಮ್ಮದೂ ಅದೇ. ಕಂಪ್ಯೂಟರಿನಲ್ಲಿ
ಹುಸಿ ಟೌಗಳನ್ನು ಹುಟ್ಟಿಸಿ, ನನಗೆ ಬೇಕಾದ ಸಾವನ್ನೇ ಕೊಟ್ಟು,
ನನ್ನದೇ ಜರಡಿಗೆ ಸುರಿಯುತ್ತೇನೆ.
ನೂರು ಸುರಿದರೆ ಎಂಟು ಉಳಿಯುತ್ತವೆ.
ತೊಂಬತ್ತೆರಡು ತಂತಿಗಳ ಸಂದಿಯಲ್ಲೋ,
ನನ್ನ ಎಚ್ಚರಿಕೆಯ ನಿಯಮಗಳಲ್ಲೋ.

'ನಂದು ಹತ್ತರಾಗ ಒಂಬತ್ತು,' ಎಂದಳು ಚಾಚಿ.
'ಹತ್ತನೇದು ಕೆಟ್ಟಿರಲಿಲ್ಲ. ಬರೀ ಕರ್ರಗಿತ್ತು.
ತಿಂದೆ.'
ರಾಚಪ್ಪನ ವಹಿಯಲ್ಲಿ ಅದು ಕಣ್ತಪ್ಪು.
ನನ್ನ ಪ್ರಬಂಧದಲ್ಲಿ ಅಂಥದ್ದಕ್ಕೆ
ಒಂದು ಅಧ್ಯಾಯವೇ ಇದೆ, ನಲವತ್ತು ಪುಟ:
ಅಳೆಯುವ ಕೈ ತಾನೇ ಮಾಡಿದ್ದು.

ಎಲ್ಲಿ ಸಿಕ್ಕೀತೋ ಆ ಮೂಲೆಯನ್ನು
ಮೊದಲೇ ಮುಚ್ಚಿಟ್ಟಿರುತ್ತೇವೆ,
ಆಸೆ ಕೈ ಹಾಕಬಾರದೆಂದು.
ತೆಗೆದದ್ದು ಒಂದು ಗುರುವಾರ, ರಾತ್ರಿ ಹನ್ನೊಂದಕ್ಕೆ,
ಕರೆಂಟು ಹೋಗಿ ಯುಪಿಎಸ್ಸು ಕೂಗುತ್ತಿರುವಾಗ.
ಪರದೆಯ ಮೇಲೆ ಎರಡು ಚುಕ್ಕೆ.
ಬೇರೆ ಕಾರಣಕ್ಕೆ ಎರಡು ಬರಬೇಕೆಂದು ಲೆಕ್ಕ ಮೊದಲೇ ಹೇಳಿತ್ತು.
ಬಂದದ್ದು ಎರಡೇ.
ಜಪಾನಿನಿಂದ ಯಾರೋ ಕೆಮ್ಮಿದರು.
ಯಾರೋ ಅಭಿನಂದನೆ ಎಂದರು.

ಹತ್ತು ಕೋಟಿಗೆ ಆರಕ್ಕಿಂತ ಕಡಿಮೆ,
ನೂರಕ್ಕೆ ತೊಂಬತ್ತು ಭರವಸೆಯಿಂದ.
ಇಲ್ಲ ಎಂದಲ್ಲ. ಇದೆ ಎಂದೂ ಅಲ್ಲ.
ನಾಲ್ಕು ವರ್ಷ ದುಡಿದು ನಾನು ಗಳಿಸಿದ್ದು
ಒಂದು 'ಕ್ಕಿಂತ'.
ಅಳು ಬಂತು, ಸುಳ್ಳೇಕೆ.
ಆಮೇಲೆ ಹಸಿವಾಯಿತು, ತಣ್ಣನೆಯ ರೊಟ್ಟಿ ಮುರಿದೆ,
ಶೇಂಗಾ ಹಿಂಡಿ ಮುಗಿದಿತ್ತು.

ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ:
'ಸಿಕ್ತೇನ?'
'ಇಲ್ಲ ಚಾಚಿ. ಎಷ್ಟರ ಮಟ್ಟಿಗೆ ಇಲ್ಲ, ಅದು ಗೊತ್ತಾತು.'
ಆಕೆ ಒಂದು ಗಳಿಗೆ ಯೋಚಿಸಿದಳು.
'ಹಂಗಾರ, ಟ್ರೇ ಇಷ್ಟು ಸ್ವಚ್ಛ ಐತಿ ಅಂತ
ಸಹಿ ಮಾಡಾಕಿ ನೀನ?'

ಬೆಲ್ಟು ಹೊರಳಿತು. ಹೋಗುವಾಗ
ನನ್ನ ಅಂಗೈಗೊಂದು ಕಪ್ಪು ದ್ರಾಕ್ಷಿ ಒತ್ತಿದಳು.
ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ:
ಸೂಜಿಯ ತೂತು, ಇತ್ತು.

ಸಿಹಿಯಾಗಿತ್ತು.
ಇವತ್ತು ರಾಚಪ್ಪನ ವಹಿಯಲ್ಲಿ
ಲಾಲಬಿ, ಹತ್ತಕ್ಕೆ ಎಂಟು.